ನಿಲ್ಲಬೇಡಿ ಎಂದು ಹೇಳಿಕೊಟ್ಟವನು

ಆ ನಾಲ್ಕು ರಸ್ತೆ ಸೇರುವ ಕಡೆ ಬೈಗುಳ ಕಡಿಮೆಯಾಗಿದೆ ಎಂದು ಮೊದಲು ಗಮನಿಸಿದವನು ಬೀಗದ ಮಾಮ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಫುಟ್‌ಪಾತಿನ ಮೇಲೆ ಅರ, ಸುತ್ತಿಗೆ, ಹಳೆ ಕೀಲಿಗಳ ಗೊಂಚಲು ಹರಡಿಕೊಂಡು ಕೂತ ಮನುಷ್ಯ. "ಕಣ್ಣು ಮನೇಲಿಟ್ಟು ಬಂದ್ಯಾ?", "ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?" ಎಂಬ ಕೂಗು ಕೇಳದೆ ಅವನ ಬೆಳಗು ಶುರುವಾದದ್ದೇ ಇಲ್ಲ. ಬೇರೆಯವರಾಗಿದ್ದರೆ ಜನ ಸುಧಾರಿಸಿದರು ಅಂತ ಖುಷಿಪಡುತ್ತಿದ್ದರು. ಮಾಮನಿಗೆ ಮಾತ್ರ ಅದು ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಅವನ ಇನ್ನೊಂದು ಕಸುಬಿನ ವಿಷಯ ಹೇಳಬೇಕು. ರಸ್ತೆಯ ಆಚೆ ಬದಿಗೆ ಒಂದು ಲಾಡ್ಜಿದೆ. ನಮ್ಮ ದೇಶವನ್ನು ಮೊದಲ ಸಲ ನೋಡಲು ಬಂದ ಪರದೇಶದವರು ಬಂದಿಳಿಯುವುದು ಅಲ್ಲಿ. ಇಲ್ಲಿ ಕಳ್ಳರ ಕಾಟ ಅಂತ ಯಾರೋ ಹೆದರಿಸಿ ಕಳಿಸಿರುತ್ತಾರೆ. ಹಾಗಾಗಿ ಪೆಟ್ಟಿಗೆಗೆ ಬೀಗದ ಮೇಲೆ ಬೀಗ. ಕೀಲಿಯನ್ನು ಎಂಥ ಭದ್ರವಾದ ಜಾಗದಲ್ಲಿ ಇಡುತ್ತಾರೆಂದರೆ ಆಮೇಲೆ ಅದು ಅವರಿಗೇ ಸಿಗುವುದಿಲ್ಲ. ಮ್ಯಾನೇಜರು ಕಿಟಕಿಯಿಂದ ಬೀಗದ ಮಾಮನನ್ನು ತೋರಿಸುತ್ತಾನೆ. ಪಾಪ, ಅವರು ಪೆಟ್ಟಿಗೆ ಹಿಡಿದು ರಸ್ತೆಯಂಚಿಗೆ ಬಂದು ನಿಲ್ಲುತ್ತಾರೆ. ನಿಂತೇ ಇರುತ್ತಾರೆ. ಒಂದು ಕಾಲು ಕೆಳಗಿಡುವುದು, ಹಾರನ್ ಕೇಳಿದ್ದೇ ಮೇಲಕ್ಕೆಳೆದುಕೊಳ್ಳುವುದು. ಅರ್ಧ ಗಂಟೆ ಹೀಗೆ ನಿಂತು ಅತ್ತುಬಿಟ್ಟವರನ್ನೂ ಮಾಮ ನೋಡಿದ್ದಾನೆ.

ನೋಡಿ ಸುಮ್ಮನಿರುವ ಜಾಯಮಾನ ಅವನದಲ್ಲ. ಎದ್ದು ಹೋಗುತ್ತಿದ್ದ, ಕೈ ಹಿಡಿದು ಕರೆತರುತ್ತಿದ್ದ. ಬರುತ್ತಾ ಬರುತ್ತಾ ಇಪ್ಪತ್ತು ಹರಕು ಮುರುಕು ಇಂಗ್ಲಿಷ್ ಮಾತು, ಮಿಕ್ಕಿದ್ದಕ್ಕೆ ಕೈಸನ್ನೆ ಸೇರಿಸಿ ಒಂದು ಪಾಠ ಮಾಡುತ್ತಿದ್ದ. "ಒಂದ್ಸಲ ಇಳಿದ ಮೇಲೆ ಮುಗೀತು. ನಿಧಾನಕ್ಕೆ, ಒಂದೇ ಸಮ ನಡೀರಿ. ಓಡಬೇಡಿ, ಹಿಂದಕ್ಕೆ ಬರಬೇಡಿ. ಯಾರು ಕೂಗಿದ್ರೂ, ನಾನೇ ಕೂಗಿದ್ರೂ, ನಿಲ್ಲಬೇಡಿ." ಇದು ಬಾಯಿಗೆ ಬಂದ ಮಾತಲ್ಲ. ನೀವು ಎಲ್ಲಿರುತ್ತೀರಿ ಅಂತ ಗಾಡಿಯವನು ದೂರದಿಂದಲೇ ಅಳೆದಿರುತ್ತಾನೆ. ಅವನು ಅಳೆದ ಕಡೆಯಲ್ಲೇ ನೀವು ಇದ್ದರೆ ಬೈದುಕೊಂಡು ಪಕ್ಕದಲ್ಲಿ ಹೋಗುತ್ತಾನೆ. ನಿಂತರೆ ಅಥವಾ ಓಡಿದರೆ ಅವನ ಲೆಕ್ಕ ತಪ್ಪುತ್ತದೆ. ಬೈಗುಳ ಬಿತ್ತೆಂದರೆ ಅವನ ಕಣ್ಣಿಗೆ ನೀವು ಬಿದ್ದಿದ್ದೀರಿ ಅಂತಲೇ ಅರ್ಥ.

ಮ್ಯಾನೇಜರು ಬುದ್ಧಿವಂತ. ಹೊಸಬರಿಗೆ ಹೇಳುವ ಮಾತುಗಳನ್ನೆಲ್ಲ ಒಂದು ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಪ್ರತಿ ಕೋಣೆಯಲ್ಲೂ ಅಂಟಿಸಿದ. ಕುದಿಸಿದ ನೀರು ಕುಡಿಯಿರಿ. ಪಾಸ್‌ಪೋರ್ಟಿನ ನಕಲು ಎರಡು ಕಡೆ ಇಡಿ. ದಾರಿಯನ್ನು ಮೂರು ಜನರನ್ನು ಕೇಳಿ, ಇಬ್ಬರು ಹೇಳಿದ ಕಡೆ ಹೋಗಿ. ಜನ ದಿಟ್ಟಿಸಿದರೆ ಗಾಬರಿಯಾಗಬೇಡಿ, ನೋಡುತ್ತಾರೆ ಅಷ್ಟೇ. ಕೊನೆಗೆ ದೊಡ್ಡ ಅಕ್ಷರದಲ್ಲಿ ಮಾಮನ ರಸ್ತೆ ಪಾಠ, ಪಕ್ಕದಲ್ಲಿ ಅವನ ಮೀಸೆಯ ಚಿತ್ರ. ಅದೇ ಲಾಡ್ಜಿನಲ್ಲಿ ಕೋಣೆ ಗುಡಿಸುವ ಅವನ ಹೆಂಡತಿ ಒಂದು ಕಾರ್ಡನ್ನು ಮನೆಗೂ ತಂದಳು. "ಇನ್ನೇನಪ್ಪ, ಇವರನ್ನ ಮಾತಾಡ್ಸೋಕೆ ನಾವೂ ಕ್ಯೂ ನಿಲ್ಲಬೇಕು" ಎಂದು ರೇಗಿಸಿದಳು. ಮಾಮ ಆ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಬೈಗುಳ ಕಡಿಮೆಯಾಯಿತು.

ಮೊದಮೊದಲು ಅವನಿಗೂ ಕಾರಣ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಇಸ್ತ್ರಿಯವನು ಬಟ್ಟೆ ಗಂಟು ಹೊತ್ತು ರಸ್ತೆ ದಾಟುತ್ತಿದ್ದ. ಇಪ್ಪತ್ತು ವರ್ಷದಿಂದ ದಿನಕ್ಕೆ ಆರು ಸಲ ದಾಟಿದವನು. ಸಾಮಾನು ತಲುಪಿಸುವ ಬ್ಯಾಟರಿ ವ್ಯಾನೊಂದು ಸದ್ದೇ ಇಲ್ಲದೆ ಬಂದು ಅವನನ್ನು ಕೆಡವಿತು. ತೊಡೆ ಮೂಳೆ ಎರಡು ತುಂಡು. ಹಾರನ್ ಇಲ್ಲ, ಬ್ರೇಕಿನ ಕಿರುಚಾಟ ಇಲ್ಲ. ಗಾಡಿಯಿಂದ ಇಳಿದ ಹುಡುಗ ಜಗಳಕ್ಕೂ ಬರಲಿಲ್ಲ. "ನೋಡ್ಲಿಲ್ಲ ಕಣಣ್ಣ, ನಿಜವಾಗ್ಲೂ ನೋಡ್ಲೇ ಇಲ್ಲ" ಎಂದು ಅಳುತ್ತಾ ನಿಂತ. ಕೈಯಲ್ಲಿ ಇನ್ನೂ ಫೋನಿತ್ತು.

ಅವತ್ತಿನಿಂದ ಮಾಮ ಕೆಲಸ ಬಿಟ್ಟು ಗಾಡಿಯವರ ಮುಖ ನೋಡತೊಡಗಿದ. ಮುಂದಿನ ಮನೆ ಎಲ್ಲಿ, ಇನ್ನೆಷ್ಟು ನಿಮಿಷ ಅಂತ ತೊಡೆ ಮೇಲಿನ ಫೋನಿನ ಕಡೆಗೇ ತಲೆ ಬಗ್ಗಿಸಿದವರನ್ನು ಎಣಿಸಿದ. ಮೊದಲ ವಾರ ನಲವತ್ತು ಜನರಲ್ಲಿ ಹನ್ನೊಂದು. ತಿಂಗಳು ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ. ನಿಲ್ಲಬೇಡಿ, ನಿಮ್ಮನ್ನು ನೋಡಿಯೇ ಇರುತ್ತಾರೆ ಎಂದು ಅವನು ಹೇಳಿಕೊಟ್ಟ ರಸ್ತೆಯಲ್ಲಿ ಈಗ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಎದುರಿನ ಲಾಡ್ಜಿನ ಇಪ್ಪತ್ತೆರಡು ಕೋಣೆಗಳಲ್ಲಿ ಅವನ ಮೀಸೆ ಮಾತ್ರ ಇನ್ನೂ ಅದೇ ಪಾಠ ಹೇಳುತ್ತಿತ್ತು. ಯಾರಾದರೂ ಒಬ್ಬರು ಅದನ್ನು ನಂಬಿ ಸಾಯುವುದಂತೂ ಖಂಡಿತ, ಯಾವ ದಿನ ಎಂಬುದಷ್ಟೇ ಗೊತ್ತಿಲ್ಲ.

ಮ್ಯಾನೇಜರ ಹತ್ತಿರ ಹೋದ. "ಆ ರಸ್ತೆ ಮಾತು ತೆಗೆಸಿಬಿಡಪ್ಪ. ಅದು ಈಗ ನಡೆಯಲ್ಲ."

ಮ್ಯಾನೇಜರು ನಕ್ಕ. "ಜನ ಇಷ್ಟಪಡೋದೇ ಅದನ್ನ ಮಾಮ. ಫೋಟೊ ತೆಗೆದು ಊರಿಗೆಲ್ಲ ಕಳಿಸ್ತಾರೆ. ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ಯಾ?"

"ಇನ್ನೂ ಆಗಿಲ್ಲ."

"ಮತ್ತಿನ್ನೇನು?"

ಮಾಮ ಮನೆಗೆ ಬಂದು ಹೆಂಡತಿಯನ್ನು ಕಾಡಿದ: ಗುಡಿಸುವಾಗ ಮೆಲ್ಲಗೆ ಕಿತ್ತುಬಿಡು. ಅವಳು ಹೆದರಿಕೊಂಡೇ ಮೂರು ಕೋಣೆಯಲ್ಲಿ ಕಿತ್ತಳು. ಮೂರನೇ ದಿನಕ್ಕೆ ಮ್ಯಾನೇಜರು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ, ಗೋಡೆಗೆ ನಾಲ್ಕು ಮೂಲೆಗೂ ಸ್ಕ್ರೂ ಹಾಕಿಸಿದ. "ನನ್ನ ಕೆಲಸಕ್ಕೆ ಕಲ್ಲು ಹಾಕಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಹೆಂಡತಿ. ಕಾಲೇಜಿಗೆ ಹೋಗುವ ಮಗಳ ಮುಖ ನೋಡಿ ಮಾಮನೂ ಬಾಯಿ ಮುಚ್ಚಿಕೊಂಡ.

ಅವನ ಕೈಲಾದದ್ದು ಒಂದೇ. ಲಾಡ್ಜಿನ ಬಾಗಿಲಲ್ಲಿ ಯಾರಾದರೂ ಹೊಸಬರು ಕಂಡರೆ ಓಡಿಹೋಗಿ, ಅರ್ಧ ಮೈಲಿ ಸುತ್ತಿಸಿ ಅಂಡರ್‌ಪಾಸಿನಲ್ಲಿ ಕರೆತರುವುದು. ಒಬ್ಬನೇ ಎಷ್ಟು ಜನರನ್ನು ಕಾದಾನು? ಕೀಲಿ ಉಜ್ಜುತ್ತಾ ಉಜ್ಜುತ್ತಾ ಕತ್ತು ಎತ್ತಿ ನೋಡುವುದೇ ಆಯಿತು. ಎರಡು ಕೀಲಿ ಕೆಟ್ಟವು. ಒಬ್ಬ ಗಿರಾಕಿಯಂತೂ "ಮಾಮ, ರಸ್ತೇಲಿ ಯಾರು ಬರ್ತಾರೆ ಅಂತ ಕಾಯ್ತಿದೀಯ, ಯಮನಾ?" ಎಂದು ತಮಾಷೆ ಮಾಡಿದ. ಮಾಮ ಮತ್ತೆ ಲಾಡ್ಜಿನ ಬಾಗಿಲ ಕಡೆ ನೋಡಿದ.

ಟೀಚರಮ್ಮ ಬಂದದ್ದು ಆಗ. ಅರವತ್ತು ದಾಟಿದ, ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದ ಪರದೇಶದ ಹೆಂಗಸು. ತನ್ನ ಊರು ಬಿಟ್ಟು ಹೊರಗೆ ಕಾಲಿಟ್ಟದ್ದೇ ಇದು ಮೊದಲು. ಅವರ ಪೆಟ್ಟಿಗೆಯನ್ನೂ ಮಾಮನೇ ತೆರೆದುಕೊಟ್ಟ, ಅಂಡರ್‌ಪಾಸಿನಲ್ಲೇ ಹೋಗಿಬರಲು ಹತ್ತು ಸಲ ಕೈಸನ್ನೆ ಮಾಡಿದ. ಅವರು ಸಣ್ಣ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅಚ್ಚಾದ ಮಾತನ್ನು ಅಕ್ಷರ ತಪ್ಪದೆ ಪಾಲಿಸುವ ಜನ, ಅದೇ ಅವನಿಗೆ ಭಯ.

ಊರಿಗೆ ಹೊರಡುವ ದಿನ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಟೀಚರಮ್ಮ ಲಾಡ್ಜಿನ ಮುಂದೆ ಕಾಣಿಸಿದರು. ಮಾಮನಿಗೆ ಹೇಳಿ ಹೋಗಲು ಬಂದಿದ್ದರು. ಅವನತ್ತ ಕೈ ಬೀಸಿದರು. ಆಮೇಲೆ ಕಾರ್ಡಿನಲ್ಲಿ ಕಲಿತ ಪಾಠವನ್ನು ಅದರ ಮೇಷ್ಟ್ರಿಗೇ ಒಪ್ಪಿಸುವ ಉತ್ಸಾಹದಲ್ಲಿ, ತಲೆ ಎತ್ತಿಕೊಂಡು, ರಸ್ತೆಗೆ ಇಳಿದರು.

ಎಡಗಡೆಯಿಂದ ವ್ಯಾನು ಬರುತ್ತಿತ್ತು. ಗಾಡಿಯವನ ಗದ್ದ ಎದೆಗೆ ಅಂಟಿತ್ತು.

"ಬೇಡ! ಅಮ್ಮಾ, ಹಿಂದಕ್ಕೆ!" ಮಾಮ ಗಂಟಲು ಹರಿಯುವಂತೆ ಕೂಗಿದ. ಟೀಚರಮ್ಮ ಕೇಳಿಸಿಕೊಂಡರು, ನಕ್ಕರು. ನಾನೇ ಕೂಗಿದರೂ ನಿಲ್ಲಬೇಡಿ ಎಂದು ಅವನೇ ಹೇಳಿದ್ದಾನಲ್ಲ. ನಿಲ್ಲಲಿಲ್ಲ. ಒಂದೇ ಸಮ ನಡೆದು ಬಂದರು. ವ್ಯಾನು ಅವರ ಬೆನ್ನ ಹಿಂದೆ ಒಂದು ಗೇಣು ಅಂತರದಲ್ಲಿ ಸರ್ರನೆ ಹೋಯಿತು. ಅದರ ಕನ್ನಡಿ ತಗುಲಿ ಹೆಗಲಿನ ಚೀಲ ಹಾರಿ ನಡುರಸ್ತೆಗೆ ಬಿತ್ತು. ಗಾಡಿಯವನು ತಿರುಗಿಯೂ ನೋಡಲಿಲ್ಲ.

ಟೀಚರಮ್ಮ ಮಾಮನ ಮುಂದೆ ಬಂದು ನಿಂತು, ಹೇಗಿತ್ತು ಎಂಬಂತೆ ಕೈಯಗಲಿಸಿದರು. ಏನಾಗಿತ್ತೆಂದು ಅವರಿಗೆ ಗೊತ್ತೇ ಆಗಿರಲಿಲ್ಲ. ಚೀಲ ಬಿದ್ದದ್ದು ಆಗ ಕಣ್ಣಿಗೆ ಬಿತ್ತು. ಅಯ್ಯೋ ಎಂದವರೇ ಮತ್ತೆ ರಸ್ತೆಗಿಳಿಯಲು ತಿರುಗಿದರು. ಮಾಮ ಅವರ ಮಣಿಕಟ್ಟು ಹಿಡಿದುಕೊಂಡ.

ಅವರು ಕೈ ಎಳೆದುಕೊಂಡರು. ಅವನು ಬಿಡಲಿಲ್ಲ. ಅವನಿಗೆ ಗೊತ್ತಿದ್ದ ಇಪ್ಪತ್ತು ಮಾತಿನಲ್ಲಿ ಇದನ್ನು ಹೇಳುವ ಮಾತು ಒಂದೂ ಇರಲಿಲ್ಲ. ಅವರ ಮುಖದ ನಗು ಹೋಗಿ ಭಯ ಬಂತು, ಭಯ ಚೀರಾಟವಾಯಿತು. ಜನ ಸೇರಲು ಎಷ್ಟು ಹೊತ್ತು? "ಬಿಡೋ ಮುದುಕ!" ಎಂದು ಯಾರೋ ಬೆನ್ನಿಗೆ ಗುದ್ದಿದರು. ಇನ್ಯಾರೋ ಕೈ ಅಡ್ಡ ಹಿಡಿದು ಗಾಡಿಗಳನ್ನು ನಿಲ್ಲಿಸಿ ಚೀಲ ಎತ್ತಿಕೊಂಡು ಬಂದರು. ಆಗ ಮಾಮ ಕೈ ಬಿಟ್ಟ. ಅವರ ಮಣಿಕಟ್ಟಿನಲ್ಲಿ ಅವನ ಐದು ಬೆರಳೂ ಕೆಂಪಗೆ ಮೂಡಿದ್ದವು.

ಮ್ಯಾನೇಜರು ಓಡಿ ಬಂದ. ಟೀಚರಮ್ಮನನ್ನು ಸಮಾಧಾನ ಮಾಡಿ, ಮಾಮನನ್ನು ಪಕ್ಕಕ್ಕೆಳೆದ. "ತಪ್ಪಾಯ್ತು ಅನ್ನು. ವಯಸ್ಸಾದವನು, ಸಹಾಯ ಮಾಡಕ್ಕೆ ಹೋದ ಅಂತ ನಾನು ಹೇಳ್ತೀನಿ. ಇಲ್ಲಿಗೇ ಮುಗಿದುಹೋಗಲಿ."

ಮುಗಿದುಹೋಗುತ್ತಿತ್ತು ಕೂಡ, ಕಾರ್ಡೂ ಗೋಡೆಯ ಮೇಲೇ ಉಳಿಯುತ್ತಿತ್ತು. ಜನ ಆಗಲೇ ಕರಗುತ್ತಿದ್ದರು. ಮಾಮ ಎದುರಿನ ಲಾಡ್ಜಿನ ಕಿಟಕಿಗಳತ್ತ ನೋಡಿದ. ಎರಡನೇ ಮಹಡಿಯಲ್ಲಿ ಅವನ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು. ಅವನಿಗೆ ತನ್ನ ಮೇಲೆ ಮರುಕ ಹುಟ್ಟಿತು, ಅವಳ ಮೇಲೆ ಇನ್ನೂ ಹೆಚ್ಚು. ಆದರೂ ಎಲ್ಲರಿಗೂ ಕೇಳುವಂತೆ ದನಿ ಎತ್ತಿದ.

"ತಪ್ಪಾಯ್ತು ಅನ್ನಲ್ಲ. ನಾಳೇನೂ ಹಿಡೀತೀನಿ. ನಿನ್ನ ಲಾಡ್ಜಿಂದ ಯಾರು ಈ ರಸ್ತೆಗೆ ಇಳಿದ್ರೂ ಕೈ ಹಿಡಿದು ಎಳೀತೀನಿ. ಗೋಡೆ ಮೇಲೆ ನನ್ನ ಮೀಸೆ ಇರೋವರೆಗೂ ಎಳೀತೀನಿ. ಏನ್ ಮಾಡ್ಕೋತೀಯೋ ಮಾಡ್ಕೋ."

ಇಪ್ಪತ್ತೆಂಟು ವರ್ಷ ಸಂಪಾದಿಸಿದ ಹೆಸರು ಅರ್ಧ ನಿಮಿಷದಲ್ಲಿ ಮಣ್ಣುಪಾಲಾಯಿತು. ಟೀ ಅಂಗಡಿಯವಳು ಅವತ್ತು ಅವನಿಗೆ ಟೀ ಕಳಿಸಲಿಲ್ಲ. ಮ್ಯಾನೇಜರು ಅವನ ಹೆಂಡತಿಯನ್ನು ಕೋಣೆಗಳಿಂದ ತೆಗೆದು ಹಿತ್ತಲಿನ ಬಟ್ಟೆ ಒಗೆಯುವ ಕೆಲಸಕ್ಕೆ ಹಾಕಿದ. ಅವಳು ಎಂಟು ದಿನ ಗಂಡನ ಜೊತೆ ಮಾತು ಬಿಟ್ಟಳು.

ಒಂಬತ್ತನೇ ದಿನ ಮಧ್ಯಾಹ್ನ ಊಟಕ್ಕೆ ಬಂದವಳು ಸೆರಗಿನಿಂದ ಹೊಸ ಕಾರ್ಡೊಂದನ್ನು ತೆಗೆದು ಅವನ ತಟ್ಟೆಯ ಪಕ್ಕ ಎಸೆದಳು. ಮಗಳು ಎತ್ತಿಕೊಂಡು ಕಣ್ಣಾಡಿಸಿದಳು. ಅವಳ ಮುಖ ಬಿಳುಚಿತು.

"ಓದು" ಎಂದ ಮಾಮ.

"ಬೇಡಪ್ಪ."

"ಓದಮ್ಮ."

"ಎದುರಿನ ಫುಟ್‌ಪಾತಿನಲ್ಲಿ ಕೂರುವ ಬೀಗದವನ ಹತ್ತಿರ ಹೋಗಬೇಡಿ. ಅವನಿಗೆ ತಲೆ ಸರಿಯಿಲ್ಲ, ಮೈಮೇಲೆ ಕೈ ಹಾಕುತ್ತಾನೆ." ಮಗಳು ಓದಿದಳು.

"ರಸ್ತೆ ವಿಷಯ?"

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ರಸ್ತೆದು ಏನೂ ಇಲ್ಲ. ನಿಮ್ಮ ಚಿತ್ರಾನೂ ಇಲ್ಲ."

ಮಾಮ ಊಟ ಮುಗಿಸಿ ಎದ್ದ. ತಿರುಗಿ ಹೋಗಿ ತನ್ನ ಜಾಗದಲ್ಲಿ ಕೂತು ಅರ ಕೈಗೆತ್ತಿಕೊಂಡ. ಸಂಜೆಗೆ ಮುಂಚೆ ಲಾಡ್ಜಿನಿಂದ ಒಬ್ಬ ಹೊಸ ಹುಡುಗಿ ಹೊರಗೆ ಬಂದಳು. ಅವಳ ಎರಡೂ ಕಡೆ ತಲೆ ತಗ್ಗಿಸಿದ ಸವಾರರು ಸದ್ದಿಲ್ಲದೆ ಹರಿಯುತ್ತಿದ್ದರು. ಒಂದು ಕಾಲು ಕೆಳಗಿಟ್ಟಳು. ಮಾಮ ದಡಕ್ಕನೆ ಎದ್ದು ನಿಂತ. ಅವಳು ಅವನನ್ನು ನೋಡಿದಳು, ಗುರುತು ಹಿಡಿದಳು, ಚೀಲವನ್ನು ಎದೆಗೆ ಒತ್ತಿಕೊಂಡು ಬೇಗ ಬೇಗ ಒಳಗೆ ಹೋದಳು.

ಬಾಗಿಲು ಮುಚ್ಚಿಕೊಳ್ಳುವವರೆಗೂ ಅವನು ನಿಂತೇ ಇದ್ದ, ಆಮೇಲೆ ಕೂತ.