ಕುಂಕುಮದ ಚುಕ್ಕೆಗೆ ತಿರುಗಿಸಿದ ಗುಂಡಿ

ಹೋದ ವರ್ಷ ರುದ್ರಪಟ್ಟಣದ ನೆಂಟರ ಮನೆಯ ನಾಮಕರಣದ ದಿನ, ನನ್ನ ಮಗಳು ಮೇಘನಾಳ ಮೊದಲ ಗಿಟಾರ್ ಕಛೇರಿ. ಹಿಂದೊಮ್ಮೆ ಶಾಲೆಯ ವೇದಿಕೆಯಲ್ಲಿ ನುಡಿಸುವಾಗ ತಪ್ಪಿ, ಅತ್ತುಕೊಂಡು ಇಳಿದಿದ್ದವಳು. "ಈ ಸಲಾನೂ ಹಂಗೇ ಆದ್ರೆ ಗಿಟಾರ್ ಮುಟ್ಟಲ್ಲಮ್ಮ" ಎಂದುಬಿಟ್ಟಿದ್ದಳು. ಸಂಗೀತಗಾರರ ಊರಾದ ರುದ್ರಪಟ್ಟಣ ಅಂದರೆ ಕೇಳಬೇಕೆ? ಅಲ್ಲಿ ಊಟಕ್ಕೆ ಬಡಿಸುವವರೂ ತಾಳ ಹಾಕುತ್ತಾರೆ!

ನಮ್ಮದು ಮಾವ ಪ್ರಾಯದಲ್ಲಿ ಕೊಂಡಿದ್ದ ವಾಲ್ವ್ ಆಂಪ್ಲಿಫೈಯರ್. ಆಯುಧಪೂಜೆಯ ದಿನ ಮಾವ ಅದರ ವಾಲ್ಯೂಮ್ ಗುಂಡಿಯ ಪಕ್ಕ, ಸರಿಯಾಗಿ ಅರ್ಧ ಸುತ್ತಿನಲ್ಲಿ, ಕುಂಕುಮದ ಚುಕ್ಕೆ ಇಡುತ್ತಿದ್ದರು. ಮನೆ ಕಛೇರಿಗೆ ಗುಂಡಿ ಆ ಚುಕ್ಕೆಗೇ ಬರಬೇಕು. ಗುಂಡಿ ಕರಕರ ಅನ್ನುತ್ತಿದ್ದುದರಿಂದ ಹಾಸನದಲ್ಲಿ ರಿಪೇರಿಗೆ ಕೊಟ್ಟಿದ್ದೆ. ಕಛೇರಿಯ ದಿನವೇ ಅದು ಕೈಗೆ ಸಿಕ್ಕಿತು. ಹೊಳೆನರಸೀಪುರದ ನಮ್ಮ ಮನೆಗೂ ಹೋಗದೆ, ಹಾಕಿಯೂ ನೋಡದೆ ನೇರ ರುದ್ರಪಟ್ಟಣಕ್ಕೆ ಒಯ್ದೆವು.

ಮೇಘನಾ ಕೂತಳು. ನಾನು ಗುಂಡಿಯನ್ನು ಚುಕ್ಕೆಗೆ ತಿರುಗಿಸಿದೆ. ಅವಳು ತಂತಿ ಮೀಟಿದ್ದೇ ತಡ, ಅಬ್ಬಬ್ಬಾ! ಸಿಡಿಲು ಬಡಿದಂಥ ಸದ್ದು, ಹಿಂದೆಯೇ ಕುಂಯ್ ಎಂಬ ಕೂಗು. ತೊಟ್ಟಿಲಿನ ಮಗು ಕಿಟಾರನೆ ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಗಾಬರಿಯಲ್ಲಿ ಗುಂಡಿ ಇಳಿಸಿದರೆ ಸದ್ದೇ ಇಲ್ಲ, ಒಂಚೂರು ಏರಿಸಿದರೆ ಮತ್ತೆ ಅಬ್ಬರ. ಮಗಳ ಕಣ್ಣು ತುಂಬಿತು. ಎಲ್ಲ ನನ್ನಿಂದಲೇ ಹಾಳಾಯಿತು ಅನ್ನಿಸಿತು.

ಮಾವ ಕೋಲೂರಿಕೊಂಡು ಎದ್ದು ಬಂದರು. "ಚುಕ್ಕೆ ನೋಡ್ಬೇಡ ಕಣಮ್ಮ, ಬಿಡು" ಎಂದು, ಕಣ್ಣು ಮುಚ್ಚಿ, ಸೊನ್ನೆಯಿಂದ ಗುಂಡಿಯನ್ನು ಕೂದಲೆಳೆಯಷ್ಟೇ ಜರುಗಿಸಿದರು. "ಮೀಟು ಪುಟ್ಟಿ. ಜೋರಾದ್ರೆ ಬೈಸ್ಕೊಳೋದು ನಾನು, ನೀನಲ್ಲ."

ಮೇಘನಾ ಕಣ್ಣೊರೆಸಿಕೊಂಡು ಮೀಟಿದಳು. ಹದವಾದ ನಾದ. ಕಛೇರಿ ಮುಗಿಯುವವರೆಗೂ ಮಾವ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

ಮರುದಿನ ರಿಪೇರಿಯವನಿಗೆ ಫೋನ್ ಮಾಡಿ ದಬಾಯಿಸಿದೆ. "ಅಯ್ಯೋ ಅಕ್ಕಾ, ಗುಂಡಿ ಒಳಗಿನ ಅಳೇ ನಮೂನೆ ಲಾಗ್ ಪಾಟ್ ಸಿಗ್ನಿಲ್ಲ, ಬೇರೆ ನಮೂನೆ ಲೀನಿಯರ್ ಆಕ್ಬುಟ್ಟೆ ಕಣಕ್ಕ. ಅಳೇದು ಅರ್ಧ ತಿರುಗ್ಸುದ್ರೆ ಅತ್ತರಲ್ಲಿ ಒಂದು ಪಾಲು ಸದ್ದು ಬಿಡ್ತಿತ್ತು, ಇದು ಅರ್ಧಾನೂ ಬಿಟ್ಬುಡ್ತದೆ. ನಮ್ ಕಿವಿಗೆ ಅಳೇದೇ ಸರಿ" ಎಂದ. ಆಮೇಲೆ ಲಾಗ್ ಪಾಟನ್ನೇ ತರಿಸಿ ಹಾಕಿಕೊಟ್ಟ.

ಆ ಸಲದ ಆಯುಧಪೂಜೆಗೆ ಮಾವ ಕುಂಕುಮದ ಭರಣಿಯನ್ನು ಮೇಘನಾಳ ಮುಂದೆ ಹಿಡಿದರು. "ನೀನೇ ಇಡು." ಅವಳು ನುಡಿಸಿ, ಕೇಳಿ, ಹಳೆಯ ಗುರುತಿಗಿಂತ ಸ್ವಲ್ಪ ಕೆಳಗೆ ಇಟ್ಟಳು. ಮಾವ ಹಳೆಯದನ್ನು ಪಂಚೆಯ ತುದಿಯಿಂದ ಒರೆಸಿಬಿಟ್ಟರು.

ಈಗಲೂ ಅವಳು ಕಛೇರಿಗೆ ಕೂತರೆ, ಮೊದಲ ಸ್ವರ ಕಿವಿಗೆ ಬೀಳುವತನಕ ನಾನು ಉಸಿರು ಬಿಡುವುದಿಲ್ಲ.