ನಿಂಗರಾಜಣ್ಣನ ಟ್ರ್ಯಾಕ್‌ಬಾಲ್

ನಿಂಗರಾಜಣ್ಣ ನಕ್ಷೆಯ ಮೇಲೆ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಗೆರೆ ಹೋಗಿ ಮುಟ್ಟಬೇಕಾದ ಕಡೆ ಮುಟ್ಟಿದ ಮೇಲೆ ಬಿಡುತ್ತಿದ್ದ ಆ ಉಸಿರು ನನ್ನ ಮೇಜಿನವರೆಗೂ ಕೇಳುತ್ತಿತ್ತು.

ಕನಕಪುರದ ಒಂದು ಖಾಸಗಿ ಸರ್ವೆ ಆಫೀಸಿನಲ್ಲಿ ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಹೊಲ ಅಳೆದು ತಂದ ಅಳತೆಗಳನ್ನು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ನಮ್ಮಿಬ್ಬರ ಕೆಲಸ. "ನೀನಿಲ್ಲಿ ಒಂದು ಕೂದ್ಲು ಜರುಗ್ಸುದ್ರೆ ಅಲ್ಲಿ ಒಂದು ತೆಂಗಿನ್ ಮರ ಪಕ್ಕದೋನ ಪಾಲಾಯ್ತದೆ ಕಣವ್ವ," ಎನ್ನುತ್ತಿದ್ದರು. ಅವರ ಬೈಗುಳವೆಂದರೆ ಅದೇ.

ಒಂದು ಬೇಸಿಗೆಯಲ್ಲಿ ಅವರ ಬಲಗೈಯಿಂದ ಮೌಸ್ ಜಾರತೊಡಗಿತು. ಮರಳವಾಡಿ ಕಡೆಯ ಅಣ್ಣತಮ್ಮಂದಿರ ಪಾಲಿನ ನಕ್ಷೆಯಲ್ಲಿ ಗೆರೆ ಜರುಗಿ ಅಣ್ಣನ ಬಾವಿ ತಮ್ಮನ ಕಡೆಗೆ ಹೋಯಿತು. ಪ್ರಿಂಟ್ ತೆಗೆಯುವ ಮುಂಚೆ ಅಳತೆ ತಾಳೆ ನೋಡಬೇಕಾದವಳು ನಾನು. ನೋಡಿರಲಿಲ್ಲ. ವಾರ ಕಳೆಯುವುದರಲ್ಲಿ ಬಾವಿಗಾಗಿ ಹೊಡೆದಾಟವಾಗಿ ಆ ಅಣ್ಣ ತಲೆಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ ನಿಂಗರಾಜಣ್ಣ ಎದ್ದು ನಿಂತರು.

"ನಂದೇ ತಪ್ಪು ಗೌಡ್ರೇ. ನನ್ ಕೈ ನನ್ ಮಾತು ಕೇಳ್ನಿಲ್ಲ."

ಬೆಂಗಳೂರಿನ ಡಾಕ್ಟರು ನರದ ಕಾಯಿಲೆ ಎಂದರು. ಒಂದೊಂದೇ ಅಂಗ ಸೋಲುತ್ತಾ ಹೋಗುತ್ತದೆ, ವಾಸಿ ಮಾಡುವ ಔಷಧಿಯಿಲ್ಲ. ಅಲ್ಲಿಂದ ಬರುವಾಗ ಅವರು ಟ್ರ್ಯಾಕ್‌ಬಾಲ್ ತಂದಿದ್ದರು. ಕರಿ ಪೆಟ್ಟಿಗೆಯೊಂದರ ಗುಳಿಯಲ್ಲಿ ದಪ್ಪ ನೆಲ್ಲಿಕಾಯಿಯಷ್ಟು ಕೆಂಪು ಉಂಡೆ. ಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಉಂಡೆ ಉರುಳಿಸಿದರೆ ಪರದೆಯ ಮೇಲಿನ ಬಾಣ ಓಡುತ್ತದೆ.

"ಮೌಸ್‌ಗೆ ತೋಳು ಆಡ್ಬೇಕು. ಇದುಕ್ಕೆ ಬೆರ್ಳು ಆಡುದ್ರೆ ಸಾಕು. ಬೆರ್ಳು ಇನ್ನೂ ನಂದೇ ಐತೆ," ಎಂದರು.

ಮೊದಮೊದಲು ಬಾಣ ಹಾರಿ ಪರದೆಯ ಮೂಲೆ ಸೇರುತ್ತಿತ್ತು. ಊಟದ ಹೊತ್ತಿನಲ್ಲೂ ಖಾಲಿ ಹಾಳೆಯಲ್ಲಿ ಚೌಕ ಬರೆಯುವುದು, ಅಳಿಸುವುದು. ತಿಂಗಳಾಗುವಷ್ಟರಲ್ಲಿ ಅವರ ಕೆಲಸ ಮತ್ತೆ ನನ್ನದಕ್ಕಿಂತ ಚೊಕ್ಕವಾಯಿತು. ಬಲಗೈ ಪೂರ್ತಿ ಸೋತ ದಿನ ಪೆಟ್ಟಿಗೆಯನ್ನು ಎಡಕ್ಕೆ ಸರಿಸಿಕೊಂಡರು. ಎಡಗೈ ಬೆರಳು ಉಂಡೆ ಉರುಳಿಸುತ್ತಿತ್ತು, ಕ್ಲಿಕ್ ಮಾಡಲು ಪೆಟ್ಟಿಗೆಯ ಗುಂಡಿ ಒತ್ತುವಷ್ಟು ಬಲ ಅದಕ್ಕಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಒತ್ತತೊಡಗಿದೆ. ಬಾಣ ಸರಿಯಾದ ಜಾಗಕ್ಕೆ ಬಂದಾಗ "ಒತ್ತವ್ವ" ಎನ್ನುತ್ತಿದ್ದರು. ಒಮ್ಮೆ ಬೇಗ ಮುಗಿಯಲಿ ಎಂದು ನಾನೇ ಮುಂಚೆ ಒತ್ತಿಬಿಟ್ಟೆ.

"ನಾನಿನ್ನೂ ಹೇಳಿಲ್ಲ!" ಎಂದು ಕೂಗಿದರು. ಆಫೀಸೆಲ್ಲ ತಿರುಗಿ ನೋಡಿತು. ಮಾಲೀಕರೂ ಬಾಗಿಲಲ್ಲಿದ್ದರು. ಸಂಜೆ ಅವರು ನಿಂಗರಾಜಣ್ಣನನ್ನು ಒಳಗೆ ಕರೆದು ನಾಳೆಯಿಂದ ಬರುವುದು ಬೇಡ ಎಂದರು. ಟ್ರ್ಯಾಕ್‌ಬಾಲನ್ನು ಚೀಲಕ್ಕೆ ಹಾಕಿ ಅವರ ಹೆಗಲಿಗೆ ತಗುಲಿಸಿದವಳು ನಾನೇ.

ಎಂಟು ತಿಂಗಳ ಮೇಲೆ ಉಯ್ಯಂಬಳ್ಳಿ ಹತ್ತಿರದ ಅವರ ಮನೆಗೆ ಹೋದೆ. ಮಾತು ನಿಂತುಹೋಗಿತ್ತು. ಹೆಂಡತಿ ಜಯಕ್ಕ ಅವರ ಕಾಲ ಬಳಿ ಮಣೆಯಿಟ್ಟು ಅದರ ಮೇಲೆ ಟ್ರ್ಯಾಕ್‌ಬಾಲ್ ಇಟ್ಟಿದ್ದರು. ನಿಂಗರಾಜಣ್ಣ ಹಿಮ್ಮಡಿಯಿಂದ ಉಂಡೆ ಉರುಳಿಸುತ್ತಿದ್ದರು. ಪರದೆಯಲ್ಲಿ ಅಕ್ಷರಮಾಲೆ. ಬಾಣ ಯಾವ ಅಕ್ಷರದ ಮೇಲೆ ಒಸಿ ಹೊತ್ತು ನಿಲ್ಲುತ್ತದೋ ಅದು ಮೂಡುತ್ತಿತ್ತು. ಹಿಮ್ಮಡಿ ಜಾರುತ್ತಿತ್ತು, ಮತ್ತೆ ಹುಡುಕಿಕೊಂಡು ಬರುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಒಂದು ಸಾಲು ಮುಗಿಯಿತು: "ಇನ್ ಬರ್ಬೇಡ ಕಣವ್ವ."

ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ಹೊರಗೆ ಬಂದು ಬಸ್ಸು ಹತ್ತಿದಾಗ ನನಗೆ ಹಗುರವೆನಿಸಿತು. ಆಮೇಲೆ ಹೋಗಲಿಲ್ಲ. ಅವರೇ ಬೇಡ ಎಂದಿದ್ದಾರಲ್ಲ ಎಂದು ಕೇಳಿದವರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮೂರು ತಿಂಗಳಿಗೆ ನಿಂಗರಾಜಣ್ಣ ತೀರಿಹೋದರು.

ತಿಥಿಯ ದಿನ ಜಯಕ್ಕ ನನ್ನ ಎಲೆಯ ಮುಂದೆ ಬಂದು ಕೂತರು.

"ನಿಂಗೆ ನೋವಾಯ್ತದೆ ಅಂತ ಹಂಗ್ ಬರುದ್ರು ಕಣವ್ವ," ಎಂದರು. "ಬಸ್ ಸದ್ದಾದಾಗೆಲ್ಲ ಬಾಗ್ಲು ಕಡೀಕೆ ನೋಡೋರು."