ಮೂರನೆಯ ಮಹಡಿಯ ಗುಂಡು

ಬೇಟೆ ಸಾಮಾನಿನ ಅಂಗಡಿಯವನು ಕೌಂಟರಿನ ಮೇಲೆ ಎರಡೂ ಕೈಯೂರಿ, "ಯಾವ ಗೆಶೊಸ್?" ಎಂದು ಕೇಳಿದಾಗ ಉಳವಪ್ಪ ನಾಲ್ಕು ವರ್ಷದಿಂದ ಕೂಡಿಹಾಕಿದ್ದ ಜರ್ಮನ್ ಅಷ್ಟನ್ನೂ ನಾಲಿಗೆಗೆ ತಂದುಕೊಂಡು, ಒಂದಿಷ್ಟೂ ತಡವರಿಸದೆ ಉತ್ತರ ಕೊಟ್ಟ: "ಮೂರನೆಯದು. ಎಡಗಡೆ ಬಾಗಿಲು. ಲಿಫ್ಟ್ ಇಲ್ಲ, ಕ್ಷಮಿಸಿ."

ಹಸಿರು ಟೊಪ್ಪಿಗೆಯ ನಾಲ್ವರು ಗಿರಾಕಿಗಳು ತಿರುಗಿ ನೋಡಿದರು. ಸಾಮಾನನ್ನು ಮನೆಗೆ ತಲುಪಿಸಲು ವಿಳಾಸ ಕೇಳುತ್ತಿದ್ದಾನೆಂದು ಉಳವಪ್ಪ ತಿಳಿದಿದ್ದ. ಗೆಶೊಸ್ ಎಂದರೆ ಮಹಡಿ. ಬೊಬ್ಲಿಂಗೆನ್‌ನಲ್ಲಿ ಮನೆ ಹುಡುಕುವಾಗ ಜಾಹೀರಾತು ಓದಿ ಓದಿ ಅವನು ಬಾಯಿಪಾಠ ಮಾಡಿದ್ದ ಮೊದಲ ಪದಗಳಲ್ಲಿ ಅದೂ ಒಂದು. ಬಂದೂಕಿನಿಂದ ಹಾರುವ ಗುಂಡಿಗೂ ಜರ್ಮನರು ಅದೇ ಪದ ಇಟ್ಟುಕೊಂಡಿದ್ದಾರೆಂದು ಯಾವ ಮನೆ ಮಾಲೀಕನೂ ಅವನಿಗೆ ಹೇಳಿರಲಿಲ್ಲ. ಆ ದೇಶದಲ್ಲಿ ಅವನು ಆಡಿದ್ದ ಬೇಟೆಯೆಂದರೆ ಬಾಡಿಗೆ ಮನೆಯದೊಂದೇ. ಅದರಲ್ಲೂ ಗಾಯಗೊಂಡವನು ಅವನೇ.

ಎಲ್ಲರಿಗಿಂತ ಜೋರಾಗಿ ನಕ್ಕವರು ಅವನನ್ನು ಜೊತೆಗೆ ಕರೆತಂದಿದ್ದ ಹೆರ್ ಕ್ನಾಪ್. ಉಳವಪ್ಪನ ವಿಭಾಗದ ಮುಖ್ಯಸ್ಥರು. ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಐದು ವರ್ಷಗಳಲ್ಲಿ ನಾಲ್ಕು ಖರ್ಚಾಗಿದ್ದವು; ಕರಾರು ನವೆಂಬರಿಗೆ ಮುಗಿಯುತ್ತಿತ್ತು. ಕೆಲಸ ಕಾಯಂ ಆಗಬೇಕಾದರೆ ಕ್ನಾಪ್ ಅವರ ಸಹಿ ಬೇಕು. ಕ್ನಾಪ್ ಸಹಿ ಹಾಕುವುದು ಆಫೀಸಿನ ಮೇಜಿನ ಮೇಲಲ್ಲ, ಕಾಡಿನ ನಡುವಿನ ಬೇಟೆಮನೆಯಲ್ಲಿ ಎಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆದ್ದರಿಂದ, ಏಳು ತಲೆಮಾರಿನಿಂದ ಮೊಟ್ಟೆಯನ್ನೂ ಒಡೆಯದ ಗದಗಿನ ಮನೆತನದ ಕುಡಿ, ಶನಿವಾರ ಗುಂಡು ಕೊಳ್ಳಲು ಬರುತ್ತೀರಾ ಎಂದು ಕ್ನಾಪ್ ಕೇಳಿದ ಕೂಡಲೇ "ಸಂತೋಷದಿಂದ" ಎಂದುಬಿಟ್ಟಿದ್ದ.

ಎರಡನೆಯ ಸಲ ನಗೆಪಾಟಲಾಗಬಾರದೆಂದು ಅವನು ಅಲ್ಲೇ ನಿಶ್ಚಯಿಸಿದ. ಕಾರು ಗೋಡೆಗೆ ಗುದ್ದಿದರೆ ಹೇಗೆ ನುಜ್ಜಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಉದ್ಯೋಗ. ಗುಂಡು ಸಣ್ಣ ಕಾರು, ಕಡವೆಯ ಭುಜದ ಮೂಳೆ ಗೋಡೆ. ಅಷ್ಟೇ ತಾನೆ? ಅಕ್ಟೋಬರಿನಲ್ಲಿ ಹಂಗೇರಿಗೆ ಹೋಗುವ ನಿಮ್ಮ ತಂಡಕ್ಕೆ ನಾನೇ ಗುಂಡು ಆರಿಸಿಕೊಡುತ್ತೇನೆ ಎಂದ. ಕ್ನಾಪ್ ಖುಷಿಯಾಗಿ, ಐದು ನಮೂನೆಯ ಗುಂಡುಗಳ ಖಾಲಿ ಡಬ್ಬಿಗಳನ್ನು ಅವನ ಕೈಗಿತ್ತರು.

ಬಾಗಿಲು ತೆರೆದ ಹೆಂಡತಿ ಜಯಾ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಏನ್ರೀ ಇದು? ಕೊರಳಾಗ ಲಿಂಗ, ಕೈಯಾಗ ಗುಂಡಿನ ಡಬ್ಬಿ. ಎರಡರಾಗ ಒಂದು ಕೆಳಗಿಡ್ರಿ."

ಮೆಟ್ಟಿಲ ಮೇಲೆಯೇ ಸಂಧಾನ ನಡೆಯಿತು. ಕೊನೆಗೆ ಒಂದು ಡಬ್ಬಿಗೆ ಮಾತ್ರ ವೀಸಾ ಸಿಕ್ಕಿತು. ಉಳಿದ ನಾಲ್ಕು ನೆಲಮಾಳಿಗೆಗೆ ಗಡೀಪಾರಾದವು.

ಒಳಗೆ ಬಂದ ಆ ಒಂದರ ಮೇಲೆ ಉಳವಪ್ಪ ಎರಡು ತಿಂಗಳು ತಪಸ್ಸು ಮಾಡಿದ. ಮೆತ್ತಗಿನ ಗುಂಡು ಚರ್ಮದಲ್ಲೇ ಚೂರಾಗುತ್ತದೆ. ತೀರಾ ಗಟ್ಟಿಯಾದದ್ದು ಪ್ರಾಣಿಗೆ ತಿಳಿಯುವ ಮೊದಲೇ ಆಚೆ ಹೊರಟುಹೋಗುತ್ತದೆ. ಒಳಹೊಕ್ಕು ಅಣಬೆಯಂತೆ ಅರಳುವುದೇ ಉತ್ತಮ. ಇಡೀ ಶಾಸ್ತ್ರದಲ್ಲಿ ಅವನಿಗೆ ಸಿಕ್ಕ ಸಸ್ಯಾಹಾರಿ ಪದ ಅದೊಂದೇ. ರೊಟ್ಟಿ ಬಡಿಯುವ ಸಪ್ಪಳದ ಹಿನ್ನೆಲೆಯಲ್ಲಿ ಹದಿನೇಳು ಕಾಲಮ್ಮಿನ ಎಕ್ಸೆಲ್ ಹಾಳೆ ಬೆಳೆಯುತ್ತಾ ಹೋಯಿತು.

ಒಂದು ಭಾನುವಾರ ಎಷ್‌ಬಾರ್ನ್‌ನಿಂದ ಕಾಲೇಜಿನ ಗೆಳೆಯ ಮಲ್ಲಿಕಾರ್ಜುನ ಫೋನ್ ಮಾಡಿದ.

"ಏನ್ ನಡಸೀಯೋ?"

"ಗುಂಡು ಆರಸ್ಲಿಕತ್ತೀನಿ."

"ಅಂತೂ ಸುರು ಮಾಡಿದಿ ಅನ್ನು. ಎಷ್ಟರದು?"

"ಒಂಬತ್ತು ಪಾಯಿಂಟ್ ಮೂರು." ಉಳವಪ್ಪ ಹೇಳಿದ್ದು ಗುಂಡಿನ ದಪ್ಪ, ಮಿಲಿಮೀಟರಿನಲ್ಲಿ.

"ಅಷ್ಟ್ ಸ್ಟ್ರಾಂಗ್ ಬ್ಯಾಡೋ ಮಾರಾಯ, ಹೊಟ್ಟಿ ಸುಟ್ಟೀತು. ಮೊದಲ ಐದರಾಗ ಇರು. ಜಯಾ ವೈನಿಗೆ ಗೊತ್ತದ ಏನು?"

"ಆಕಿ ಎದುರಿಗೇ ಕುಂತು ಮಾಡ್ತೀನಿ. ನಡುನಡುವ ಚಹಾ ಕೊಡ್ತಾಳ."

"ಪುಣ್ಯ ಮಾಡೀಯೋ," ಎಂದು ಮಲ್ಲಿಕಾರ್ಜುನ ಫೋನಿಟ್ಟ. ಮದುವೆಯ ವಿಷಯದಲ್ಲಿ ತಾನು ಅವಸರ ಮಾಡಿದೆನೆಂದು ಅವನಿಗೆ ಅನಿಸಿರಬೇಕು.

ಹಂಗೇರಿಯಲ್ಲಿ ಉಳವಪ್ಪನ ಗುಂಡು ಗೆದ್ದಿತು. ಕ್ನಾಪ್‌ಗೆ ಹನ್ನೆರಡು ಕವಲಿನ ಕೊಂಬಿನ ಕಡವೆ ಸಿಕ್ಕಿತು, ಉಳಿದವರಿಗೆ ಹಂದಿ ಸಿಕ್ಕವು. ಅಂಗಡಿಯಲ್ಲಿ ನಕ್ಕಿದ್ದ ಹಸಿರು ಟೊಪ್ಪಿಗೆಗಳೇ ಈಗ ಸಾಲುಗಟ್ಟಿ ಸಲಹೆ ಕೇಳತೊಡಗಿದವು. ಜಿಂಕೆಯನ್ನು ಝೂನಲ್ಲಿ, ಅದೂ ಬೇಲಿಯಾಚೆಯಿಂದ ಕಂಡಿದ್ದವನು ಯಾವ ಮೂಳೆಗೆ ಎಷ್ಟು ಗ್ರಾಮ್ ಎಂದು ಫೋನಿನಲ್ಲಿ ತೀರ್ಪು ಕೊಡುತ್ತಿದ್ದ. ನೀವೂ ಒಂದು ಗುಂಡು ಹಾರಿಸಿ ನೋಡಿ ಎಂದರೆ ಮಣಿಕಟ್ಟು ಉಳುಕಿದೆ ಎನ್ನುತ್ತಿದ್ದ. ಆ ಉಳುಕು ಕೊನೆಗೂ ವಾಸಿಯಾಗಲಿಲ್ಲ.

ನವೆಂಬರಿನ ಮೊದಲ ಶನಿವಾರ ಮಧ್ಯಾಹ್ನ ಬೇಟೆಮನೆಯಲ್ಲಿ ಊಟಕ್ಕೆ ಕರೆ ಬಂತು. ಗೋಡೆಯ ತುಂಬ ಕೊಂಬು, ತಟ್ಟೆಗಳ ತುಂಬ ಕಡವೆ. ಉಳವಪ್ಪನ ಮುಂದೆ ಮಾತ್ರ ಆಲೂಗಡ್ಡೆಯ ಉಂಡೆ. ಅದೂ ಗುಂಡಗೇ ಇತ್ತು. ಊಟ ಮುಗಿಸಿ ಕ್ನಾಪ್ ಕೋಟಿನ ಒಳಜೇಬಿನಿಂದ ಕಾಯಂ ಕರಾರಿನ ಹಾಳೆ ತೆಗೆದು ಹಾಸಿ, ಪೆನ್ನಿನ ಮುಚ್ಚಳ ಬಿಚ್ಚಿದರು. ಉಳವಪ್ಪನ ಎದೆಯಲ್ಲಿ ಆ ಅಣಬೆ ಅರಳಿತು.

ನಿಬ್ಬು ಕಾಗದಕ್ಕೆ ತಾಗುವ ಮುಂಚೆ ಕ್ನಾಪ್ ತಲೆಯೆತ್ತಿದರು. "ಒಂದು ಮಾತು, ಹೆರ್ ಉಳವಪ್ಪ. ಮೂವತ್ತು ವರ್ಷ ಬೇಟೆಯಾಡಿದ ನಾವು ಆ ಗುಂಡನ್ನು ಮೂಸಿಯೂ ನೋಡಿರಲಿಲ್ಲ. ಐದರಲ್ಲಿ ಅದನ್ನೇ ಹೇಗೆ ಆರಿಸಿದಿರಿ? ಇವರೆಲ್ಲರಿಗೂ ಸ್ವಲ್ಪ ವೈಜ್ಞಾನಿಕವಾಗಿ ಹೇಳಿ."

ಹದಿನೇಳು ಕಾಲಮ್ಮುಗಳಲ್ಲಿ ಯಾವುದಾದರೂ ಒಂದನ್ನು ಒಪ್ಪಿಸಿದ್ದರೆ ಸಾಕಿತ್ತು. ಆದರೆ ಆ ನಿಬ್ಬನ್ನು ನೋಡುತ್ತಾ ನೋಡುತ್ತಾ ಗುಂಡಿನ ಜರ್ಮನ್ ಎಲ್ಲ ಅವನ ತಲೆಯಿಂದ ಹಾರಿಹೋಗಿ, ಮನೆ ಬಾಡಿಗೆಯ ಜರ್ಮನ್ ಒಂದೇ ಉಳಿಯಿತು.

"ಪ್ರಾಣಿಯ ಚಿತ್ರ ಇಲ್ಲದ ಡಬ್ಬಿ ಅದೊಂದೇ ಇತ್ತು," ಎಂದ ಉಳವಪ್ಪ. "ಉಳಿದವನ್ನು ನನ್ನ ಹೆಂಡತಿ ಮೂರನೆಯ ಗೆಶೊಸ್‌ಗೆ ಹತ್ತಿಸಲಿಲ್ಲ."